ಎಡಗೈಯ ಹುರಿ

"ಸಹಿ ಇಲ್ಲಿ," ಎಂದು ದಫ್ತರದ ಗುಮಾಸ್ತ ಕಾಗದದ ಕೆಳಗಿನ ಗೆರೆಯ ಮೇಲೆ ಉಗುರಿಟ್ಟು ತೋರಿಸಿದ. "ಗಂಟು ತಲುಪಿತು ಅಂತ ಒಂದು, ಸುದ್ದಿ ತಲುಪಿತು ಅಂತ ಇನ್ನೊಂದು."

ಸೊಸೆ ಪೆನ್ನು ತೆಗೆದುಕೊಳ್ಳಲಿಲ್ಲ. ಹಗ್ಗ ಹೊಸೆಯುವ ಉದ್ದನೆಯ ಅಂಗಳದಲ್ಲಿ ಬೆಳಗ್ಗೆ ಎಳೆದ ಹುರಿ ಇನ್ನೂ ರಾಟೆಯ ಕೊಕ್ಕೆಗೆ ಬಿಗಿದುಕೊಂಡೇ ಇತ್ತು. ಅದರ ಕೆಳಗೆ ಅತ್ತೆ ಕುಸಿದು ಕೂತು, ಗೋಣಿಬಟ್ಟೆಯ ಗಂಟನ್ನು ಮಡಿಲಿಗೆಳೆದುಕೊಂಡು "ನನ್ನ ಎಡಚಾ, ನನ್ನ ಎಡಚಾ" ಎಂದು ಅಳುತ್ತಿದ್ದಳು.

ಆ ಮನೆಯಿಂದ ಯುದ್ಧಕ್ಕೆ ಹೋದವರು ಇಬ್ಬರು. ದೊಡ್ಡವನು ಇವಳ ಗಂಡ. ಚಿಕ್ಕವನು ಮೈದುನ, ಎಡಗೈಯವನಾದ್ದರಿಂದ ಊರಿಗೆಲ್ಲ ಎಡಚ. ಇಬ್ಬರೂ ಒಂದೇ ದಿನ ಒಂದೇ ಗಾಡಿ ಹತ್ತಿ, ಒಂದೇ ತುಕಡಿಗೆ ಸೇರಿದ್ದರು. ಸತ್ತವನು ಚಿಕ್ಕವನು ಎಂದು ಕಾಗದ ಹೇಳುತ್ತಿತ್ತು. ಅದನ್ನು ಕೇಳಿದ ಕ್ಷಣ ಸೊಸೆಯ ಎದೆಯೊಳಗೆ ಒಂದು ಉಸಿರು ಸಡಿಲಾಗಿತ್ತು: ಇವರಲ್ಲ, ಅವನು. ಆ ಒಂದು ಉಸಿರಿಗಾಗಿ ಅವಳು ಆಗಲೇ ಮನಸ್ಸಿನಲ್ಲಿ ದೇವರ ಕ್ಷಮೆ ಬೇಡಿದ್ದಳು.

"ಒಳಗೆ ಕಾಗದ ಏನಾದರೂ ಇದೆಯಾ? ನಮ್ಮವರು ಬರೆದದ್ದು?"

"ಇರಲ್ಲಮ್ಮ. ಮುಂಚೂಣಿಯಿಂದ ಒಂದಕ್ಷರ ಹೊರಗೆ ಬಿಡಲ್ಲ. ಸಾಮಾನು ಒಂದೊಂದಾಗಿ ನೋಡಿ, ಜೇಬು ಕೊಡವಿ, ಆಮೇಲೇ ಜೊತೆಯವರ ಕೈಲಿ ಗಂಟು ಕಟ್ಟಿಸೋದು."

ಸೊಸೆ ಗಂಟು ಬಿಚ್ಚಲು ಕೂತಳು. ಕಟ್ಟಿದ ಹಗ್ಗ ಅತ್ತೆಯ ಮುಷ್ಟಿಯಲ್ಲಿತ್ತು. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಬಿಡೇ ಮಗೂ. ಹಗ್ಗ ತಾನೆ."

ಸೊಸೆಯ ಕೈ ಅಲ್ಲೇ ನಿಂತಿತು. ಬೇರೆಯವರ ಹಸುವಿನ ಕೊರಳಿನ ಹಗ್ಗದಲ್ಲಿ ಒಂದು ಎಳೆ ಪಿಸಿದಿದ್ದರೂ ನಿಲ್ಲಿಸಿ ಬೈದು ಕಳಿಸುವ ಹೆಂಗಸು ಅತ್ತೆ. ಈ ಅಂಗಳದಲ್ಲಿ ಸವೆದ ಇಷ್ಟು ವರ್ಷಗಳಲ್ಲಿ ಇವಳ ಬಾಯಿಂದ "ಹಗ್ಗ ತಾನೆ" ಎಂಬ ಮಾತು ಬಂದದ್ದಿಲ್ಲ.

"ಕೊಡಿ ಅತ್ತೆ."

"ಬೇಡ ಅಂದೆನಲ್ಲ."

ಸೊಸೆ ಮಗುವಿನ ಮುಷ್ಟಿ ಬಿಡಿಸುವ ಹಾಗೆ ಒಂದೊಂದೇ ಬೆರಳು ಬಿಡಿಸಿದಳು.

ಗಂಟಿಗೆ ಸುತ್ತಿದ ಗೋಣಿಯ ಅಂಚಿನಲ್ಲಿ ನೀಲಿ ದಾರವಿತ್ತು. ಹಗ್ಗದಲ್ಲೂ ಅದೇ ನೀಲಿ ಎಳೆ. ಗಂಟು ಕಟ್ಟುವಾಗ ಅದೇ ಗೋಣಿಯ ಅಂಚು ಬಿಚ್ಚಿ, ಅಲ್ಲೇ ಕೂತು ಹೊಸೆದ ಹಗ್ಗ ಅದು. ಹುರಿ ಎಡಕ್ಕೆ ಹೊರಳಿತ್ತು. ತೊಡೆಯ ಮೇಲೆ ಎಡಗೈಯಿಂದ ಹೊಸೆದರೆ ಮಾತ್ರ ಹಾಗೆ ಬೀಳುತ್ತದೆ. "ಎಡಚನ ಹಗ್ಗದಲ್ಲಿ ಕಟ್ಟಿದರೆ ಹಸು ಹಿಂದಕ್ಕೆ ನಡೆಯುತ್ತೆ" ಎಂದು ಅಣ್ಣ ತಮ್ಮನನ್ನು ರೇಗಿಸುತ್ತಿದ್ದ. "ನಿನ್ನ ಹೆಂಡತಿಗೊಂದು ಕೊಡ್ತೀನಿ ಇರು, ನಿನ್ನನ್ನೇ ಕಟ್ಟಲಿ" ಎಂದು ತಮ್ಮ ಅನ್ನುತ್ತಿದ್ದ.

ಅವಳು ತುದಿ ನೋಡಿದಳು. ಎಳೆ ಬಿಚ್ಚದಂತೆ ಮೂರು ಸುತ್ತು, ಕೊನೆಗೊಂದು ಅರ್ಧ ಸುತ್ತು. ತೀರಿಹೋದ ಮಾವನಿಗೆ ಒಂದು ಬೆರಳಿರಲಿಲ್ಲ. ನಾಲ್ಕನೆಯ ಸುತ್ತು ಅವನ ಕೈಯಲ್ಲಿ ಎಂದೂ ಪೂರ್ತಿಯಾಗುತ್ತಿರಲಿಲ್ಲ. ಹತ್ತು ಬೆರಳೂ ನೆಟ್ಟಗಿದ್ದ ಮಕ್ಕಳು ಅಪ್ಪನ ಆ ಅರ್ಧವನ್ನೇ ಸರಿ ಎಂದು ಕಲಿತಿದ್ದರು. ಲೋಕದಲ್ಲಿ ಇನ್ನಾರೂ ಹಗ್ಗದ ತುದಿಯನ್ನು ಹಾಗೆ ತಪ್ಪಾಗಿ ಮುಗಿಸುವುದಿಲ್ಲ.

ಸತ್ತವನ ಗಂಟು ಕಟ್ಟಿದವನು ಎಡಚ.

"ನಿಮಗೆ ಆಗಲೇ ಗೊತ್ತಾಗಿತ್ತು," ಅಂದಳು ಸೊಸೆ.

ಅತ್ತೆ ತಲೆಯೆತ್ತಲಿಲ್ಲ. "ನಾಲ್ಕು ದಿನವಾದರೂ ನೀನು ನೆಮ್ಮದಿಯಾಗಿರು ಅಂತ. ನಾನು ಹೇಗೂ ಅಳಬೇಕು. ಯಾರ ಹೆಸರು ಹಿಡಿದು ಅತ್ತರೇನು?"

ಸೊಸೆ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಗುಮಾಸ್ತ ಎರಡು ಸಲ ಕೆಮ್ಮಿದ. ಆಮೇಲೆ ಅವಳು ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಕೈ ಚಾಚಿದಳು.

"ಪೆನ್ನು ಕೊಡಿ. ಕಾಗದ ತಪ್ಪಾಗಿದೆ. ಸತ್ತವರು ದೊಡ್ಡವರು, ನನ್ನ ಗಂಡ."

"ಏನಮ್ಮಾ ಇದು! ಕೋಟಿನಲ್ಲಿ ಚಿಕ್ಕವನ ನಂಬರೇ ಇತ್ತು. ಅಲ್ಲಿ ನಂಬರು ನೋಡಿ ಬರೆದದ್ದೇ ಹೆಸರು, ಯಾರ ಬಾಯಿಮಾತೂ ನಡೆಯಲ್ಲ."

"ನಮ್ಮ ಮನೇಲಿ ಮೊದಲು ಎದ್ದವರದು ಕೋಟು. ಚಿಕ್ಕಂದಿನಿಂದ ಹಾಗೇ. ಅಲ್ಲೂ ಇವರೇ ಮೊದಲು ಎದ್ದು ತಮ್ಮನ ಕೋಟು ಹಾಕ್ಕೊಂಡಿರ್ತಾರೆ."

"ಹಗ್ಗ ನೋಡಿ ಹೆಸರು ಹೇಳ್ತೀರಾ? ಚೆನ್ನಾಗಿದೆ."

"ನೀವು ಕೋಟು ನೋಡಿ ಹೇಳಲಿಲ್ವಾ?"

ಗುಮಾಸ್ತ ಟೋಪಿ ತೆಗೆದು ತಲೆ ಕೆರೆದುಕೊಂಡ. ಕೆಟ್ಟವನೇನಲ್ಲ, ಆ ದಿನ ಇನ್ನೂ ಮೂರು ಮನೆಗಳಿಗೆ ಹೋಗುವುದಿತ್ತು. "ನೋಡಿ ತಾಯಿ, ಮನೆಯಿಂದ ಇಬ್ಬರು ಹೋದರು, ಒಬ್ಬರಿದ್ದಾರೆ. ದಫ್ತರಕ್ಕೆ ಅಷ್ಟು ಸಾಕು. ಸುಮ್ಮನೆ ಸಹಿ ಹಾಕಿ, ನಿಮಗೂ ಒಳ್ಳೇದು. ಯಾರಾದರೂ ತಾವಾಗಿ ಬಂದು ವಿಧವೆ ಅಂತ ಬರೆಸಿಕೊಳ್ತಾರಾ?"

"ನಾನು ಬರೆಸಿಕೊಳ್ತೀನಿ. ಎರಡು ವರ್ಷ ಅವರಿಗಾಗಿ ದೀಪ ಹಚ್ಚಿ ಕಾದಿದ್ದೀನಿ. ಈಗ ತಮ್ಮನ ಹೆಸರು ಹೊದ್ದುಕೊಂಡು ಮಣ್ಣಲ್ಲಿ ಮಲಗಲಿ ಅಂತ ಬಿಡೋದಾ? ಇನ್ನು ಅಣ್ಣನ ಹೆಸರು ಹೊತ್ತು ಅಲ್ಲಿ ನಿಂತಿರೋ ಹುಡುಗ? ನಾಳೆ ಅವನಿಗೇನಾದರೂ ಆದರೆ, ಕಾಗದದಲ್ಲಿ ಆಗಲೇ ಸತ್ತೋನಿಗೆ ಯಾರು ಅಳ್ತಾರೆ? ಇವರ ಹೆಸರು ಇವರಿಗೆ ಕೊಡಿ, ಅವನದು ಅವನಿಗೆ ಕೊಡಿ."

ಅವಳು ಕಾಗದವನ್ನು ರಾಟೆಯ ಹಲಗೆಯ ಮೇಲಿಟ್ಟು ಮೈದುನನ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಮೇಲೆ ಗಂಡನ ಹೆಸರು ಬರೆದಳು. ಅಕ್ಷರ ದೊಡ್ಡದಾಗಿತ್ತು, ನೆಟ್ಟಗಿತ್ತು. ಅದರ ಕೆಳಗೆ ಸಹಿ ಹಾಕಿದಳು.

"ಇದನ್ನ ಮೇಲಿನವರು ಒಪ್ಪಲ್ಲ," ಅಂದ ಗುಮಾಸ್ತ.

"ಒಪ್ಪದವರು ಇಲ್ಲಿಗೇ ಬರಲಿ. ಅಂಗಳ ಉದ್ದವಾಗಿದೆ, ಎಷ್ಟು ಜನ ಬಂದರೂ ನಿಲ್ಲಬಹುದು."

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಸೈಕಲ್ಲಿನ ಹತ್ತಿರ ಹೋದವನನ್ನು ಅವಳು ಮತ್ತೆ ಕೂಗಿದಳು.

"ನಾಳೆ ನಮ್ಮ ಹುಡುಗನಿಗೊಂದು ಗಂಟು ಕಳಿಸ್ತೀವಿ. ಒಯ್ತೀರಿ ತಾನೆ?"

"ಕಾಗದ ಇರಬಾರದು."

"ಇರಲ್ಲ."

ಸೈಕಲ್ಲು ಮರೆಯಾದ ಮೇಲೆ ಅವಳು ಬೆಳಗಿನ ಹುರಿಯನ್ನು ಕೊಕ್ಕೆಯಿಂದ ಕಳಚಿ ಗೋಡೆಗೆ ನೇತುಹಾಕಿದಳು. ಹೊಸ ನಾರನ್ನು ಸೊಂಟಕ್ಕೆ ಸುತ್ತಿಕೊಂಡು ಮೊದಲ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿದಳು.

"ಏಳಿ ಅತ್ತೆ. ಎಡಕ್ಕೆ ತಿರುಗಿಸಿ."

ಅತ್ತೆ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಎದ್ದು ಬಂದು ರಾಟೆಯ ಹಿಡಿಗೆ ಕೈ ಹಾಕಿದಳು. ಎಡಚ ಹೋದಮೇಲೆ ರಾಟೆ ಆ ಕಡೆಗೆ ತಿರುಗಿರಲಿಲ್ಲ. ಮೊದಲ ಸುತ್ತಿಗೆ ಕಿರುಗುಟ್ಟಿತು, ಎರಡನೆಯದಕ್ಕೂ ಕಿರುಗುಟ್ಟಿತು, ಮತ್ತೆ ಹದಕ್ಕೆ ಬಂತು. ಸೊಸೆ ಬೆರಳ ಸಂದಿನಿಂದ ನಾರು ಬಿಡುತ್ತಾ, ರಾಟೆಯ ಕಡೆಗೇ ಮುಖವಿಟ್ಟುಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದಳು.