ಅಮ್ಮನ ಕೆಂಪು ಗೀಟುಗಳು

ನಾಲ್ಕು ವರ್ಷಗಳಿಂದ ತಿರುವನಂತಪುರದಲ್ಲಿ ನನ್ನ ಸಂಶೋಧನೆಯೆಲ್ಲ ರೆಗ್ಯುಲೇಟರಿ ಟಿ ಕೋಶಗಳ ಮೇಲೆ. ರಕ್ತದಲ್ಲಿ ಜಗಳ ಬಿಡಿಸುವ ಕೆಲಸ ಅವುಗಳದು. ರೋಗದ ಮೇಲೆ ಬೀಳುವ ಕೋಶಗಳು ಹದ್ದು ಮೀರಿ ನಮ್ಮ ಮೈಯನ್ನೇ ಹಾಳುಗೆಡವದಂತೆ ಅವು ತಡೆಯುತ್ತವೆ. ಕ್ಯಾನ್ಸರ್ ಗಡ್ಡೆಯೂ ಅವುಗಳ ಮರೆಯಲ್ಲೇ ಬಚಾವಾಗುತ್ತದೆ.

ಅಮ್ಮ ಸುಮಿತ್ರ ಕೊಚ್ಚಿಯಲ್ಲಿ ಒಬ್ಬಳೇ ಇದ್ದಾಳೆ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆ. ಅವಳ ಚರ್ಮದ ಕ್ಯಾನ್ಸರ್ ಹರಡಿದಾಗ ಡಾಕ್ಟರು ಈ ತಡೆಯನ್ನು ಸಡಿಲಿಸುವ ಇಂಜೆಕ್ಷನ್ ಶುರುಮಾಡಿದರು. ಧೈರ್ಯ ತುಂಬಲು ನಾನು ಫೋನಿನಲ್ಲಿ ಭಾಷಣ ಬಿಗಿದೆ.

"ಜಗಳ ಬಿಡಿಸುವ ಕೋಶಗಳನ್ನು ಬದಿಗೆ ಸರಿಸ್ತಾರೆ ಅಮ್ಮ. ಮತ್ತೆ ಒಳಗೆ ಹೊಡೆದಾಟವೇ. ಸ್ವಲ್ಪ ಗಲಾಟೆ ಆದ್ರೆ ಮದ್ದು ಹಿಡಿದಿದೆ ಅಂತಲೇ ಲೆಕ್ಕ."

ಎಂಥ ಜಾಣೆ ನಾನು! ಆಮೇಲೆ ದಿನಾ ಸಂಜೆ ಊಟದ ವಿಚಾರ ಕೇಳಿದೆ, ಹೊಟ್ಟೆಯ ವಿಚಾರ ಒಮ್ಮೆಯೂ ಕೇಳಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಕೊಚ್ಚಿಯ ವೈಟ್ಟಿಲದಲ್ಲಿರುವ ಅಮ್ಮನ ಮನೆಗೆ ಬಂದಾಗ ಬಾಗಿಲು ತೆರೆದವಳು ಅಮ್ಮನೇ ಎಂದು ನಂಬಲಾಗಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ತಾರೀಕಿನಡಿಯೂ ಕೆಂಪು ಗೀಟುಗಳು. ಐದು, ಎಂಟು, ಹನ್ನೊಂದು.

"ಇದೆಂತದ್ದಮ್ಮಾ?"

"ಭೇದಿಗೆ ಹೋದದ್ದು. ನಿನ್ನೆ ಹದಿನಾಲ್ಕು ಸರ್ತಿ!" ಅಮ್ಮನ ಮುಖದಲ್ಲಿ ಹೆಮ್ಮೆ. "ನೀ ಬರುವಾಗ ತೋರಿಸುವ ಅಂತ ಬರೆದಿಟ್ಟೆ. ಮದ್ದು ಜೋರು ಹಿಡಿದಿದೆ, ಅಲ್ವಾ?"

ಭೇದಿಯಾದರೆ ಕೂಡಲೇ ಫೋನ್ ಮಾಡಿ ಎಂಬ ಆಸ್ಪತ್ರೆಯ ಚೀಟಿ ಫ್ರಿಜ್ಜಿನ ಬಾಗಿಲಲ್ಲೇ ಇತ್ತು. ಅಮ್ಮ ಅದನ್ನು ಓದಿದ್ದಳು. ಆದರೆ ಚೀಟಿಗಿಂತ ಮಗಳ ಮಾತನ್ನು ನಂಬಿದ್ದಳು.

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ತಡೆಯುವವರಿಲ್ಲದೆ ಅಮ್ಮನ ಸ್ವಂತ ಕೋಶಗಳೇ ಕರುಳನ್ನು ಹುಣ್ಣು ಮಾಡಿದ್ದವು. ಡಾಕ್ಟರಮ್ಮ ಸ್ಟೀರಾಯ್ಡ್ ಕೊಟ್ಟು, ಆ ಇಂಜೆಕ್ಷನ್ ಇನ್ನು ಬೇಡ ಎಂದರು. ಇನ್ನೆರಡು ದಿನ ತಡವಾಗಿದ್ದರೆ ಕರುಳು ತೂತಾಗುತ್ತಿತ್ತಂತೆ. "ಇದೆಲ್ಲ ಗೊತ್ತಿರುವವರು ಮನೆಯಲ್ಲಿ ಯಾರೂ ಇಲ್ಲವೇ?" ಎಂದು ಮಲಯಾಳದಲ್ಲಿ ಗದರಿದರು.

ಅಮ್ಮ ಡ್ರಿಪ್ ಹಾಕಿದ ಕೈಯಿಂದಲೇ ನನ್ನ ಶಾಲು ಎಳೆದಳು.

"ಹಾಗಾದ್ರೆ ಮಗಾ, ಇಷ್ಟು ದಿನ ಹೋದದ್ದು ಕ್ಯಾನ್ಸರ್ ಅಲ್ವಾ?"

ಕನ್ನಡ ಬಾರದ ಡಾಕ್ಟರಮ್ಮ ನನ್ನತ್ತ ತಿರುಗಿ, ಅವರು ಏನು ಕೇಳಿದರು ಎಂದರು.