ಮೆಷಿನ್‌ಗೆ ಹೊದಿಸಿದ ಕಂಬಳಿ

ರಾಧಳ ಹುಳುಮನೆಯಲ್ಲಿ ಬಿಸಿ ಇರಲಿಲ್ಲ.

(ಇದಕ್ಕಿಂತ ಒಳ್ಳೆಯ ಶುರು ಬೇಕಿತ್ತೇ, ಓದುಗರೇ? ಬಂಗಾರಪೇಟೆಯ ಮಂಜಿನಿಂದ ಶುರು ಮಾಡಿ ಹರಿದು ಹಾಕಿದೆ. ಮಂಜಿನ ವರ್ಣನೆಯಿಂದ ರೇಷ್ಮೆಹುಳು ಬೆಚ್ಚಗಾಗುವುದಿಲ್ಲ.)

೧. ಡಿಸೆಂಬರ್. ನಲವತ್ತು ತಟ್ಟೆ ಹುಳು ಮೂರನೇ ಜ್ವರಕ್ಕೆ ಕೂರಬೇಕು. ಪೊರೆ ಬಿಡುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಆಗ ಥಂಡಿ ತಗುಲಿದರೆ ಹುಳು ಏಳುವುದಿಲ್ಲ. ಇದ್ದಲಿನ ಕುಂಪಟಿ ಇಟ್ಟರೆ ಅತ್ತೆ ಅಕ್ಕಯ್ಯಮ್ಮನಿಗೆ ದಮ್ಮು. ಹೊಗೆಯಿಲ್ಲದೆ ಈ ಬೆಳೆ ತೆಗೆದೇ ತೆಗೆಯುತ್ತೇನೆಂದು ರಾಧ ಹಟ ಹಿಡಿದಳು.

೨. ರಾಬರ್ಟ್‌ಸನ್‌ಪೇಟೆಯಲ್ಲಿ ಫ್ರಿಜ್ ರಿಪೇರಿ ಮಾಡುವ ಸೆಲ್ವರಾಜ್ ಹಳೇ ಕಿಟಕಿ ಎಸಿಯೊಂದನ್ನು ತಂದು ತಿರುಗಿಸಿ ಕೂರಿಸಿದ. ತಣ್ಣನೆ ಮುಖ ಹೊರಗೆ, ಬಿಸಿ ಬೆನ್ನು ಒಳಗೆ.

“ಒರಗೆ ಇರೋದೇ ಚಳಿ. ಬಿಸಿ ಎಲ್ಲಿಂದ ತತ್ತದೆ?” ರಾಧ ಕೇಳಿದಳು.

“ಕೋರಮಂಡಲ್ ಗಣೀಲಿ ನಮ್ಮಪ್ಪ ಟನ್‌ಗಟ್ಟಲೆ ಕಲ್ಲು ಒಡೆದ್ರೆ ಚಿಟಿಕೆ ಬಂಗಾರ ಬರ್ತಿತ್ತಕ್ಕಾ. ಚಳಿಗಾಳೀಲೂ ಅಂಗೇ, ಒಸಿ ಬಿಸಿ ಐತೆ. ಇದು ಗಾಳಿ ಎಳ್ಕೊಂಡು ಎಳ್ಕೊಂಡು ಅದನ್ನ ಒಳಗೆ ಗುಡ್ಡೆ ಆಕ್ತದೆ. ಕರೆಂಟು ಆ ಕೂಲಿಗೆ.”

“ನಿಮ್ಮಪ್ಪಂಗೆ ಬಂಗಾರ ಸಿಕ್ತಾ?”

“ಕೆಮ್ಮು ಸಿಕ್ತು.”

(ರೂಪಕ ಅವನದು. ನನಗೆ ಹೊಳೆದಿದ್ದರೆ ಎರಡು ಪುಟ ಎಳೆಯುತ್ತಿದ್ದೆ.)

೩. ಒಳಗೆ ಹದವಾಯಿತು. ಹುಳು ಜ್ವರಕ್ಕೆ ಕೂತವು. ಆ ಸಂಜೆ ಹೊರಗಡೆ ಮೆಷಿನ್ ಗೊರಗುಟ್ಟುವುದನ್ನು ಕೇಳಿ, ಪಾಪ, ಚಳಿಗೆ ನಡುಗುತ್ತಿದೆ ಎಂದುಕೊಂಡು, ಅಕ್ಕಯ್ಯಮ್ಮ ತನ್ನ ಕಂಬಳಿ ಹೊದಿಸಿ ಕಟ್ಟಿದಳು. ಮೆಷಿನ್ ಎಳೆದುಕೊಳ್ಳುವ ಗಾಳಿ ನಿಂತಿತು. ಬೆಳಗ್ಗೆ ನೋಡಿದರೆ ಕಂಬಳಿಯ ಹಿಂದೆ ಮಂಜುಗಡ್ಡೆ. ರಾಧ ಎಳೆದಾಗ ಕಂಬಳಿ ಅಂಟಿಕೊಂಡು ಹರಿಯಿತು. ಹುಳುಮನೆ ತಣ್ಣಗಿತ್ತು.

೪. ಇಲ್ಲಿ ಅಕ್ಕಯ್ಯಮ್ಮ ನನ್ನ ಕಥೆ ನಿಲ್ಲಿಸಿದಳು.

“ಲೇ, ಕಂಬ್ಳಿ ನಾನು ಒದಿಸ್ದೆ ಅಂತ ಬರೀಬ್ಯಾಡ ಕಣ್ಲಾ. ಗಾಳಿಗೆ ಆರ್ಕಂಡು ಬಂದು ಬಿತ್ತು ಅನ್ನು.”

“ಹಗ್ಗ ಕಟ್ಟಿತ್ತಲ್ಲಜ್ಜಿ?”

“ಗಾಳೀನೇ ಕಟ್ತು.”

ಮುಕ್ತಾಯ ಒಂದು: ಸೆಲ್ವರಾಜ್ ಓಡಿ ಬರುತ್ತಾನೆ, ಹುಳುವೆಲ್ಲ ಏಳುತ್ತವೆ. ರಾಧ ಅದನ್ನು ಹೊಡೆದು ಹಾಕಿದಳು.

“ಎಲ್ಲ ಬದುಕ್ತು ಅಂತ ಬರೆದ್ರೆ ಮುಂದಿನ ಬೆಳೆಗೂ ಅತ್ತೆ ಕಂಬಳಿ ತತ್ತಾರೆ. ಆಗಿದ್ದು ಬರಿ.”

ಮುಕ್ತಾಯ ಇನ್ನೊಂದು: ಅತ್ತೆ ಸೊಸೆ ತಬ್ಬಿಕೊಂಡು ಅಳುತ್ತಾರೆ. (ಇಬ್ಬರಿಗೂ ಪುರುಸೊತ್ತಿಲ್ಲ. ಗಡ್ಡೆ ಕರಗಿಸಿ ಮೆಷಿನ್ ಮತ್ತೆ ಹಾಕಿದ ರಾಧ, ಜ್ವರದಿಂದ ಎದ್ದ ಉಳಿದ ತಟ್ಟೆಗಳಿಗೆ ಸೊಪ್ಪು ಹೆಚ್ಚುತ್ತಿದ್ದಾಳೆ. ಅಕ್ಕಯ್ಯಮ್ಮ ಹೊರಗೆ ಕಾವಲು ಕೂತು, ಮೆಷಿನ್ ಹತ್ತಿರ ಬಂದ ಕೋಳಿಯನ್ನೂ ಬಿಡುತ್ತಿಲ್ಲ.)

ಉಳಿದವು ಗೂಡು ಕಟ್ಟುತ್ತವೆಯೇ? ಇನ್ನೂ ಕಟ್ಟಿಲ್ಲ. ನಾನು ಕಟ್ಟಿಸುವುದೂ ಇಲ್ಲ.

ಹೋದದ್ದು: ಹುಳು, ಹದಿನಾಲ್ಕು ತಟ್ಟೆ. ಕಂಬಳಿ, ಒಂದು.