ಕೋಲಿನ ಮೂರು ಪೆಟ್ಟು

ಬಾಗಿಲಿಗೆ ಬಿದ್ದದ್ದು ಕೋಲಿನ ಪೆಟ್ಟಲ್ಲ. ಕೋಲಿನದಾಗಿದ್ದರೆ ಎಣಿಸಿ ಮೂರು ಬೀಳಬೇಕಿತ್ತು, ನಡುವೆ ಒಂದೊಂದು ಉಸಿರಿನ ಬಿಡುವಿರಬೇಕಿತ್ತು. ಇದು ಹಾಗಲ್ಲ. ಯಾರೋ ಹೊರಗಿನಿಂದ ಧಡ್ ಧಡ್ ಎಂದು ಒದೆಯುತ್ತಿದ್ದರು.

“ತೆಗೀಬ್ಯಾಡ್ರಿ,” ಎಂದ ಮುತ್ತಪ್ಪ.

ತೆಗೆಯಲು ಯಾರೂ ಎದ್ದಿರಲಿಲ್ಲ. ಆದರೂ ಅವನು ಊರುಗೋಲನ್ನು ಎರಡೂ ಕೈಯಿಂದ ಅಡ್ಡ ಹಿಡಿದು ಬಾಗಿಲನ್ನೇ ದಿಟ್ಟಿಸುತ್ತಾ ಕೂತ. ಬೆಳಗಿನ ಗಾಡಿ ಖಾನಾಪುರ ಸ್ಟೇಷನ್ನಿನಲ್ಲಿ ನಿಂತಿತ್ತು. ನಿಲ್ಲುವುದು ಎರಡೇ ನಿಮಿಷ, ಅದರಲ್ಲಿ ಒಂದು ಆಗಲೇ ಕಳೆದಿತ್ತು. ಇನ್ನೊಂದು ಕಳೆದರೆ ಆಯಿತು, ಒದೆಯುವವನು ಬೇರೆ ಡಬ್ಬಿ ನೋಡಿಕೊಳ್ಳುತ್ತಾನೆ ಎಂದುಕೊಂಡಳು ಪ್ರಮಿಳಾ.

ಅಂಗವಿಕಲರ ಡಬ್ಬಿಯಲ್ಲಿ ಇದ್ದವರು ಮೂವರೇ, ಮೂವರೂ ಬೆಳಗಾವಿಯಿಂದ ದಿನಾ ಬರುವವರು. ಪ್ರಮಿಳಾ ಲೋಂಡಾದ ಅಂಚೆ ಕಚೇರಿಯಲ್ಲಿ ಕೌಂಟರಿಗೆ ಕೂರುವವಳು. ಎಡಗಾಲಿಗೆ ಪೋಲಿಯೊ ಆಗಿ, ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡಿದ್ದಳು. ಮುತ್ತಪ್ಪನಿಗೆ ಬಲಗಾಲು ಮೊಣಕಾಲಿನ ಕೆಳಗಿಲ್ಲ. ಲೋಂಡಾದ ಬಜಾರದಲ್ಲಿ ಛತ್ರಿ, ಟಾರ್ಚು, ಕುಕ್ಕರು ರಿಪೇರಿ ಮಾಡುತ್ತಾನೆ. ಮಾತು ಮಾತ್ರ ಎರಡು ಕಾಲಿನವರಿಗಿಂತ ಜೋರು. ಮೂಲೆಯಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ಭರಮಣ್ಣನಿಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಅಳ್ನಾವರದ ಸೊಸೈಟಿಯೊಂದರಲ್ಲಿ ಫೋನ್ ಎತ್ತುವ ಕೆಲಸ. ಒಮ್ಮೆ ಕೇಳಿದ ದನಿಯನ್ನು ಹತ್ತು ವರ್ಷವಾದರೂ ಮರೆಯದ ಆಸಾಮಿ.

ಹದಿನೈದು ದಿನದ ಹಿಂದೆ ಇದೇ ಖಾನಾಪುರದಲ್ಲಿ ಆರು ಜನ ಹುಡುಗರು ನುಗ್ಗಿದ್ದರು, ಆರೂ ಜನ ಗಟ್ಟಿಮುಟ್ಟು. ಸೀಟಿನ ಮೇಲೆ ಬೂಟುಗಾಲಿಟ್ಟು ಇಸ್ಪೀಟು ಹಚ್ಚಿದರು. ಇದು ನಮ್ಮ ಡಬ್ಬಿ, ಬೇರೆ ಕಡೆ ಹೋಗಿರಪ್ಪಾ ಎಂದು ಭರಮಣ್ಣ ಮೆತ್ತಗೆ ಹೇಳಿದ್ದಕ್ಕೆ ಒಬ್ಬ ಎದ್ದು ಕೆನ್ನೆಗೆ ಬಾರಿಸಿದ. ಎಲ್ಲಿಂದ ಬಂತೆಂದು ತಿಳಿಯದ ಆ ಪೆಟ್ಟಿಗೆ ಭರಮಣ್ಣ ಎರಡೂ ಕೈಯಿಂದ ಗಾಳಿಯನ್ನು ತಡವರಿಸಿದ್ದನ್ನು ಕಂಡು ಹುಡುಗರು ನಕ್ಕರು. ಬಿಡಿಸಲು ಹೋದ ಮುತ್ತಪ್ಪನ ಊರುಗೋಲು ಕಿಟಕಿಯಿಂದ ಹೊರಗೆ, ಗುಂಜಿಯ ಕಾಡಿನಲ್ಲಿ ಬಿತ್ತು. ಅಂದು ಲೋಂಡಾದಲ್ಲಿ ಅವನು ಪ್ಲಾಟ್‌ಫಾರ್ಮಿನ ಮೇಲೆ ಕೂತುಕೊಂಡೇ ಸರಿದು ಹೋಗಿದ್ದ.

ಮರುದಿನದಿಂದ ಚಿಲಕ ಬಿತ್ತು. ಬಾಗಿಲ ಗಾಜಿಗೆ ಒಳಗಿನಿಂದ ಸಿಕ್ಕಿಸಲು ಮುತ್ತಪ್ಪ ಚೀಲದಲ್ಲಿ ಒಂದು ರಟ್ಟು ತರತೊಡಗಿದ. ನಮ್ಮವರು ಬಂದರೆ ಗುರುತು ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಉಪಾಯ ಕೊಟ್ಟವಳು ಪ್ರಮಿಳಾ. ಕೋಲಿನಿಂದ ಮೂರು ಪೆಟ್ಟು. ಕೋಲಿದ್ದವರು ನಮ್ಮವರು, ಇಲ್ಲದವರು ಅಲ್ಲ. ಎಷ್ಟು ಸಲೀಸು! ಮುತ್ತಪ್ಪ ಶಹಬಾಸ್ ಎಂದಿದ್ದ. ಅವಳಿಗೂ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಇಂಜಿನ್ ಕೂಗಿತು. ಇಂದು ಈ ಡಬ್ಬಿ ಇಂಜಿನ್ನಿನ ಬೆನ್ನಿಗೇ ಇದ್ದುದರಿಂದ ಆ ಕೂಗಿಗೆ ಸೀಟೂ ನಡುಗಿತು. ಮೊದಲಿನ ನೀಲಿ ಗಾಡಿಗೆ ಹಿಂದೊಂದು ಮುಂದೊಂದು ಇಂಥ ಡಬ್ಬಿಯಿರುತ್ತಿತ್ತು. ಹೊಸ ಕೆಂಪು ಗಾಡಿಗೆ ಇರುವುದು ಒಂದೇ. ಇನ್ನೊಂದು ತುದಿಗೆ ಕರೆಂಟು ಮಾಡುವ ಯಂತ್ರದ ಡಬ್ಬಿ. ಯಾವ ದಿನ ಯಾವುದು ಯಾವ ತುದಿಗೆ ಎಂಬುದು ಗಾಡಿ ಬಂದು ನಿಂತ ಮೇಲೆಯೇ ಗೊತ್ತು. ಹಿಂದೆ ನಿಂತವರು ಮುಂದಕ್ಕೆ ಓಡಬೇಕು. ಓಡಲಾಗದವರಿಗೆಂದೇ ಮಾಡಿದ ಡಬ್ಬಿ, ಓಡಿದರಷ್ಟೇ ಸಿಗುತ್ತದೆ.

ಗಾಡಿ ಜಗ್ಗಿ ಹೊರಟಿತು. ಒದೆತ ನಿಲ್ಲಲಿಲ್ಲ.

“ಇನ್ನೂ ಅಲ್ಲೇ ಅದಾನ,” ಎಂದಳು ಪ್ರಮಿಳಾ.

“ಜಿಗೀತಾನ ಬಿಡು ತಂಗಿ. ಪ್ಲಾಟ್‌ಫಾರಂ ಮುಗಿಯೂದ್ರಾಗ ಜಿಗೀತಾನ,” ಎಂದ ಮುತ್ತಪ್ಪ.

ಹೊರಗೆ ಹೆಣ್ಣು ದನಿಯೊಂದು ಗಾಡಿಯ ಜೊತೆಗೇ ಓಡಿ ಬರುತ್ತಿತ್ತು. ಇಂಜಿನ್ನಿನ ಗದ್ದಲದಲ್ಲಿ ಮಾತು ತುಂಡುತುಂಡಾಗಿ ಬಂತು. “ಕೈ… ಕೈ… ಯಪ್ಪಾ… ಕೈ…”

“ಕೇಳಿದ್ರ್ಯಾ?” ಮುತ್ತಪ್ಪನ ಮುಖ ಬಿಳಿಚಿತು. “ಕೈ ಮಾಡಾಕ ಬಂದಾರ. ಹೆಂಗಸ್ರನ್ನೂ ಕರಕೊಂಡು ಬಂದಾರ! ಹೋದ ಸಲದ ಸಿಟ್ಟು ಇನ್ನೂ ಇಳದಿಲ್ಲ ಮಕ್ಕಳಿಗೆ.”

ಭರಮಣ್ಣ ತನಗರಿವಿಲ್ಲದೆ ಕೆನ್ನೆ ಮುಟ್ಟಿಕೊಂಡ. ಆಮೇಲೆ ತಲೆಯನ್ನು ಬಾಗಿಲ ಕಡೆ ಓರೆ ಮಾಡಿ, ಬೆರಳೆತ್ತಿ ಇಬ್ಬರನ್ನೂ ಸುಮ್ಮನಿರಿಸಿದ. ಒದೆತ ಮತ್ತೆ ಬಿತ್ತು. ಒಂದು, ಎರಡು. ಮೂರನೆಯದು ಬೀಳಲಿಲ್ಲ.

“ಅದು ಬೂಟಲ್ಲ,” ಎಂದ. “ಬರಿಗಾಲು.”

“ಬರಿಗಾಲಾದ್ರೇನು, ಒದೆ ಒದೆನಽ.”

“ಕೇಳಿಲ್ಲಿ. ಬಾಗಿಲಾ ತೆಗಸಾಕ ಬಂದಾಂವ ಮೊದಲು ಕೈಲೆ ಬಡೀತಾನ, ಆಮ್ಯಾಲ ಒದೀತಾನ. ಇಂವ ಒಮ್ಮಿನೂ ಕೈ ಹಚ್ಚಿಲ್ಲ.”

ಪ್ರಮಿಳಾ ಏಳಲು ಹೋದಳು. ಕುಳಿತವಳು ಏಳಬೇಕಾದರೆ ಕಾಲು ನೆಟ್ಟಗೆ ಚಾಚಿ, ಕ್ಯಾಲಿಪರಿನ ಮೊಣಕಾಲ ಕೀಲನ್ನು ಒತ್ತಿ ಕೂರಿಸಿ, ಆಮೇಲೆ ಭಾರ ಹಾಕಬೇಕು. ಇಪ್ಪತ್ತು ವರ್ಷದ ಅಭ್ಯಾಸ. ಇಂದು ಆ ಅಭ್ಯಾಸ ಕೈಕೊಟ್ಟಿತು. ಕೀಲು ಕೂರುವ ಮೊದಲೇ ಎದ್ದಳು, ಕಾಲು ಮಡಚಿಕೊಂಡಿತು, ನೆಲಕ್ಕೆ ಬಿದ್ದಳು. ಮುತ್ತಪ್ಪ “ತಂಗೀ” ಎನ್ನುವಷ್ಟರಲ್ಲಿ ಅವಳು ಮೊಣಕೈಯೂರಿ ತೆವಳುತ್ತಾ ಬಾಗಿಲಿಗೆ ಬಂದು, ಗೋಡೆಯ ಸರಳು ಹಿಡಿದು ಒಂಟಿಕಾಲಿನ ಮೇಲೆ ನಿಂತು, ಗಾಜಿಗೆ ಸಿಕ್ಕಿಸಿದ್ದ ರಟ್ಟನ್ನು ಕಿತ್ತಳು.

ಗಾಜಿನಾಚೆ ಒಂದು ಅಂಗಿಯ ತೋಳು ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಅದರೊಳಗೆ ಏನೂ ಇರಲಿಲ್ಲ.

ಇನ್ನೊಂದು ತೋಳಿನಲ್ಲಿ ಮೊಣಕೈಯಿಂದ ನಾಲ್ಕು ಬೆರಳು ಕೆಳಗಿನವರೆಗೆ ಮಾತ್ರ ಕೈಯಿತ್ತು. ಆ ಮೊಣಕೈಯನ್ನು ಹಿಡಿಕೆಯ ಸರಳಿಗೆ ಕೊಕ್ಕೆಯಂತೆ ಸಿಕ್ಕಿಸಿ, ನಡುವಯಸ್ಸಿನವನೊಬ್ಬ ಮೆಟ್ಟಿಲ ಮೇಲೆ ನಿಂತಿದ್ದ. ಕಣ್ಣು ಮುಚ್ಚಿದ್ದ. ಪ್ಲಾಟ್‌ಫಾರ್ಮಿನ ಕೊನೆಯ ಇಳಿಜಾರಿನಲ್ಲಿ ಒಬ್ಬ ಹೆಂಗಸು ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡುತ್ತಿದ್ದಳು. ಅವಳ ಬಾಯಿ ಏನನ್ನುತ್ತಿದೆಯೆಂದು ಈಗ ಪ್ರಮಿಳಾಳಿಗೆ ತಿಳಿಯಿತು. ಕೈ ಇಲ್ರೀ. ಕೈ ಇಲ್ಲಾ ಅವರಿಗೆ.

“ಕೈ ಇಲ್ಲ, ಮುತ್ತಪ್ಪಣ್ಣಾ!” ಎಂದು ಚೀರಿದಳು. “ಮೆಟ್ಟಿಲ ಮ್ಯಾಲ ನಿಂತಾನ, ಹಿಡಕೊಳ್ಳಾಕ ಕೈ ಇಲ್ಲ!”

ಮುತ್ತಪ್ಪ ಕುಪ್ಪಳಿಸಿ ಎದ್ದು ಅಪಾಯದ ಸರಪಳಿಗೆ ಕೈ ಚಾಚಿದ.

“ಜಗ್ಗಬ್ಯಾಡ!” ಭರಮಣ್ಣ ಕೂಗಿದ. “ಜರ್ಕ್ ಹೊಡದ್ರ ಅಂವ ಕೆಳಗ ಹೋಗ್ತಾನ.”

ಚಿಲಕ ಹೊಸದು, ಬಿಗಿ. ಮುತ್ತಪ್ಪ ಬೆಳಿಗ್ಗೆ ಕೋಲಿನ ತುದಿಯಿಂದ ಹೊಡೆದು ಕೂರಿಸಿದ್ದ. ಪ್ರಮಿಳಾ ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದರಿಂದ ಎತ್ತಿದಳು, ಬರಲಿಲ್ಲ. ಗಾಡಿ ವೇಗ ಹೆಚ್ಚಿಸುತ್ತಿತ್ತು. ಮುಂದೆ ಮಲಪ್ರಭೆಯ ಸೇತುವೆ, ಅದರ ಮೇಲೆ ಗಾಡಿ ಹೇಗೆ ಅಲುಗುತ್ತದೆಂದು ದಿನಾ ಬರುವವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಸರಳು ಬಿಟ್ಟಳು. ಎರಡೂ ಕೈಯಿಂದ ಚಿಲಕ ಎತ್ತಿದಳು. ಉಗುರು ಮುರಿಯಿತು. ಹೊರಗಿನವನು ಕಣ್ಣು ತೆರೆದು ಗಾಜಿನೊಳಗಿಂದ ಅವಳನ್ನು ನೋಡಿದ. ಬೈಗುಳವಿಲ್ಲ, ಬೇಡಿಕೆಯೂ ಇಲ್ಲ, ಬರೀ ನೋಡಿದ. ಅವನ ಮೊಣಕೈ ಸರಳಿನ ಮೇಲೆ ಒಂದು ಗೇಣು ಜಾರಿತು.

ಕೆಳಗಿನಿಂದ ಮುತ್ತಪ್ಪನ ಕೋಲು ಬಂದು ಚಿಲಕಕ್ಕೆ ಬಡಿಯಿತು. ಖಟ್.

ಬಾಗಿಲು ಒಳಗೆ ಬಡಿದುಕೊಂಡಿತು, ಗಾಳಿ ನುಗ್ಗಿತು. ಪ್ರಮಿಳಾ ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದಳು. ಅವಳ ಸೊಂಟವನ್ನು ಹಿಂದಿನಿಂದ ಯಾರೋ ಭದ್ರವಾಗಿ ಅಪ್ಪಿ ಹಿಡಿದರು. ಅದು ಭರಮಣ್ಣನೆಂದು ಅವಳಿಗೆ ಆಮೇಲೆ ತಿಳಿಯಿತು, ಕೂಗು ಬಂದ ದಿಕ್ಕಿಗೆ ಬಂದಿದ್ದನಂತೆ. ಎಳೆದಳು. ಅಂಗಿಯ ಗುಂಡಿಗಳು ಹಾರಿದವು. ಅವನು ಅವಳ ಮೇಲೆ, ಅವಳು ಭರಮಣ್ಣನ ಮೇಲೆ, ಮೂವರೂ ನೆಲದ ಮೇಲೆ ಬಿದ್ದಾಗ ಚಕ್ರದ ಸದ್ದು ಒಮ್ಮೆಲೇ ಬದಲಾಯಿತು. ತೆರೆದ ಬಾಗಿಲಿನಿಂದ ಕೆಳಗೆ ಹೊಳೆಯ ನೀರು ಕಂಡಿತು.

ಗಾಡಿ ಸೇತುವೆ ದಾಟಿತು.

ಮುತ್ತಪ್ಪ ಬಾಗಿಲು ದೂಡಿದ, ಚಿಲಕ ಹಾಕಿದ. ಹಾಕಿದ ಮೇಲೆ ತನ್ನ ಕೈಯನ್ನೇ ನೋಡಿಕೊಂಡ. ಬೈಗುಳವೊಂದು ಬಾಯಿಗೆ ಬಂದಿತ್ತೇನೋ, ಆದರೆ ಯಾರನ್ನು ಬೈಯಬೇಕೆಂದು ತಿಳಿಯದೆ ಗಡುಸು ದನಿಯಲ್ಲಿ, “ಸರ್ಟಿಫಿಕೇಟ್ ಐತೇನ?” ಎಂದು ಕೇಳಿದ. ಬಂದವರನ್ನೆಲ್ಲ ಅವನು ಕೇಳುವ ಮೊದಲ ಮಾತು ಅದೇ.

“ಕಿಸೇದಾಗ ಐತ್ರಿ,” ಎಂದ ಆ ಮನುಷ್ಯ. ಇನ್ನೂ ಏದುಸಿರು ಬಿಡುತ್ತಿದ್ದ. “ನೀವ ತಕ್ಕೋಬೇಕ್ರಿ.”

ಮುತ್ತಪ್ಪ ತಲೆ ತಗ್ಗಿಸಿದ. ಯಾರೂ ಕಿಸೆಗೆ ಕೈ ಹಾಕಲಿಲ್ಲ.

ಹೆಸರು ಹಣಮಪ್ಪ, ಊರು ಪಾರಿಶ್ವಾಡ. ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ನಾದುವ ಯಂತ್ರಕ್ಕೆ ಮಣ್ಣು ಹಾಕುತ್ತಿದ್ದ. ಒಂದು ಕೈ ಸಿಕ್ಕಿತು, ಬಿಡಿಸಿಕೊಳ್ಳಲು ಇನ್ನೊಂದು ಹಾಕಿದ, ಅದೂ ಹೋಯಿತು. ನಾಲ್ಕು ತಿಂಗಳಾಯಿತು. ಹುಬ್ಬಳ್ಳಿಯಲ್ಲಿ ಕೃತಕ ಕೈ ಕೊಡುತ್ತಾರಂತೆ, ಇಂದು ಅಳತೆ ತೆಗೆಯುವ ದಿನ. ಹೆಂಡತಿ ರೇಣವ್ವನ ಜೊತೆ ಹಿಂದಿನ ತುದಿಯಲ್ಲಿ ನಿಂತಿದ್ದನಂತೆ, ಡಬ್ಬಿ ಮುಂದೆ ಬಂತು. ಓಡಿ ಬಂದು ಅವಳು ಅವನನ್ನು ಮೆಟ್ಟಿಲಿಗೆ ಎತ್ತಿ ಹಾಕಿದಳು. ಅವನ ಹಿಂದಿನಿಂದ ಬಾಗಿಲು ಬಡಿಯಲು ಅವಳಿಗೆ ಕೈ ಎಟುಕಲಿಲ್ಲ, ಅವಳು ಹತ್ತುವ ಮೊದಲೇ ಗಾಡಿ ಬಿಟ್ಟಿತು.

“ಒಳಗ ಮಂದಿ ಇರಲಿಕ್ಕಿಲ್ಲ ಅಂದ್ಕೊಂಡೆರಿ,” ಎಂದ ಹಣಮಪ್ಪ. “ಇದ್ದಿದ್ರ ತೆಗೀತಿದ್ರು, ಇಲ್ಲಂತ ತಿಳಕೊಂಡೆ.”

ಇದಕ್ಕಿಂತ ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೋಲಿಲ್ಲದವರು ನಮ್ಮವರಲ್ಲ ಎಂದವಳು ಪ್ರಮಿಳಾಳೇ. ಕೋಲು ಹಿಡಿಯಲು ಕೈ ಬೇಕೆಂಬುದು ಈ ಜಾಣೆಯ ತಲೆಗೆ ಹೊಳೆದಿರಲಿಲ್ಲ.

ಅವನ ಅಂಗಿಯ ಕಿಸೆಯಲ್ಲಿ ಫೋನು ರಿಂಗಾಯಿತು. ಹಣಮಪ್ಪ ಗದ್ದದಿಂದ ಕಿಸೆಯನ್ನು ಒತ್ತಿ ನೋಡಿದ, ಆಗಲಿಲ್ಲ. ಪ್ರಮಿಳಾ ಫೋನು ತೆಗೆದು ಅವನ ಕಿವಿಗೆ ಹಿಡಿದಳು. ಆಚೆಯ ದನಿ ಡಬ್ಬಿಗೆಲ್ಲ ಕೇಳಿಸುತ್ತಿತ್ತು.

“ಅದೀರಿ? ಖರೇ ಹೇಳ್ರಿ, ಅದೀರಿ?”

“ಅದೀನಿ, ರೇಣಾ. ಒಳಗ ಕುಂತೀನಿ. ಅಳಬ್ಯಾಡ.”

“ಬಾಗಿಲಾ ತೆಗದ್ರೇನು?”

“ತೆಗದಾರ. ಅಕ್ಕಾರೊಬ್ರು ಜಗ್ಗಿ ಒಳಗ ತಗೊಂಡ್ರು. ಭಾಳ ಚೊಲೋ ಮಂದಿ ಅದಾರ. ನೀ ಮುಂದಿನ ಬಸ್ಸಿಗೆ ಬಾ, ನಾ ಹುಬ್ಬಳ್ಳಿ ಸ್ಟೇಷನ್ದಾಗ ಕುಂತಿರ್ತೀನಿ.”

ಪ್ರಮಿಳಾ ಫೋನನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಅವನು ಅದನ್ನು ದಣಿವೆಂದು ತಿಳಿದು, “ಸಾಕ್ರಿ ಅಕ್ಕಾರ, ಇಡ್ರಿ,” ಎಂದ. ಅವಳು ಫೋನನ್ನು ಕಿಸೆಯಲ್ಲಿಟ್ಟು, ಗುಂಡಿಯಿಲ್ಲದ ಅಂಗಿಗೆ ತನ್ನ ಸೆರಗಿನ ಪಿನ್ನು ಬಿಚ್ಚಿ ಹಾಕಿದಳು.

“ನಿಮ್ಮನ್ನ ಒಂದು ಮಾತು ಕೇಳಲಿ?” ಎಂದ ಭರಮಣ್ಣ. “ಎಷ್ಟು ಸಲ ಒದ್ರಿ?”

“ಎಣಿಸಿಲ್ರಿ. ಯಾಕ್ರಿ?”

“ಏನಿಲ್ಲ, ಮೂರಾಗಿದ್ವೇನೋ ಅಂತ,” ಎಂದು ಭರಮಣ್ಣ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಗುಂಜಿಯಲ್ಲಿ ಗಾಡಿ ನಿಂತಿತು. ಕಾಡಿನ ನಡುವಿನ ಸಣ್ಣ ಸ್ಟೇಷನ್ನು, ಹತ್ತುವವರು ಕಡಿಮೆ. ಆದರೆ ಬಾಗಿಲ ಮೇಲೆ ಸದ್ದಾಯಿತು. ಅಂಗೈಯ ಬಡಿತ. ಕೋಲಿನದಲ್ಲ, ಮೂರೂ ಅಲ್ಲ, ಎಡೆಬಿಡದೆ ಐದಾರು. ಹೊರಗೆ ಗಂಡಸರ ದನಿಗಳೂ ಇದ್ದವು. ಮುತ್ತಪ್ಪನ ಕೈ ಊರುಗೋಲಿಗೆ ಹೋಯಿತು. ಭರಮಣ್ಣ ಕಿವಿಗೊಟ್ಟ, ಇಂಜಿನ್ನಿನ ಗದ್ದಲದಲ್ಲಿ ದನಿಗಳ ಗುರುತು ಸಿಗಲಿಲ್ಲ. ರಟ್ಟು ತೆಗೆದಿದ್ದರೂ ಕೂತಲ್ಲಿಂದ ಗಾಜಿನಲ್ಲಿ ಒಂದಿಷ್ಟು ಮರದ ತುದಿಯಷ್ಟೇ ಕಾಣುತ್ತಿತ್ತು. ಪ್ರಮಿಳಾಳಿಗೆ ಭಯವಾಯಿತು, ಮೊದಲಿನಷ್ಟೇ ಆಯಿತು.

“ಯಾರೋ ನಿಂತಾರ್ರಿ,” ಎಂದು ಹಣಮಪ್ಪ ಎದ್ದ.

ಯಾರು ಎಂದು ಕೇಳಲಿಲ್ಲ. ಬಾಗಿಲ ಮುಂದೆ ಬಗ್ಗಿ, ಮೊಣಕೈಯನ್ನು ಚಿಲಕದ ಕೆಳಗಿಟ್ಟು ಮೇಲಕ್ಕೊತ್ತಿದ. ಜಾರಿತು. ಮುತ್ತಪ್ಪ ಅರ್ಧ ಎದ್ದವನು ಅಲ್ಲೇ ನಿಂತ. ತಡೆಯಲು ಎದ್ದನೋ, ನೆರವಾಗಲು ಎದ್ದನೋ ಅವನಿಗೇ ಗೊತ್ತಿರಲಿಲ್ಲ. ಹಣಮಪ್ಪ ಮತ್ತೆ ಒತ್ತಿದ, ಮತ್ತೆ ಜಾರಿತು. ಹೊರಗಿನ ಬಡಿತ ಜೋರಾಯಿತು.

ಮೂರನೇ ಸಲಕ್ಕೆ ಚಿಲಕ ಎದ್ದಿತು. ಪ್ರಮಿಳಾ ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬರುವವರಿಗೆ ಜಾಗ ಮಾಡಿದಳು.